ಶುಗರ್ ಇರೋ ಹಿರಿಯರು, ಮನೆಮಂದಿ, ಮನಸ್ಸು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಾತ್ರೆ ಯಾವುದು, ಡೋಸ್ ಎಷ್ಟು ಅಂತ ಕೇಳಿದವರು ಕಮ್ಮಿ. ಜಾಸ್ತಿ ಬಂದಿದ್ದು ಮನೆಯೊಳಗಿನ ಮಾತು. ಅಪ್ಪ ಕೇಳಲ್ಲ, ಅಮ್ಮ ಮಾತಾಡಲ್ಲ, ಮಗ ಬರೀ ಶುಗರ್ ಬಗ್ಗೆನೇ ಕೇಳ್ತಾನೆ, ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೊರಬಂದಾಗ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯ್ತು, ಅಂದ್ರೆ ಕೋಟ್ಯಂತರ ಮನೆಗಳಲ್ಲಿ ಊಟದ ತಟ್ಟೆ ಮುಂದೆ ಇದೇ ಮಾತುಕತೆ ನಡೀತಿರುತ್ತೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ಪತ್ರ ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ, ಶುಗರ್ ಬಂದು ಬಹಳ ವರ್ಷ ಆಯ್ತು, ಬೆಳಿಗ್ಗೆ ಸಂಜೆ ಮಾತ್ರೆ ತಗೋತಾರೆ. ಸಿಹಿ ಮುಟ್ಟಬೇಡಿ ಅಂತ ಎಷ್ಟು ಹೇಳಿದ್ರೂ ಬೇಕರಿ ಕಡೆ ಹೋಗಿ ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ತಿಂದು ಬರ್ತಾರೆ. ಮೊನ್ನೆ ಬಟ್ಟೆ ಒಗೆಯೋಕೆ ಹಾಕುವಾಗ ಅಂಗಿ ಜೇಬಲ್ಲಿ ಕಲ್ಲುಸಕ್ಕರೆ ಸಿಕ್ತು. ನಮ್ಮೆಜಮಾನ್ರು ಊಟಕ್ಕೆ ಕೂತಾಗಲೇ ಗದರಿಬಿಟ್ರು, ಮಾವ ತಟ್ಟೆ ಬಿಟ್ಟು ಎದ್ದುಹೋದ್ರು. ಅನ್ನ ಪೂರ್ತಿ ನಿಲ್ಲಿಸಿ ಮುದ್ದೆ ಎಷ್ಟು ಬೇಕಾದ್ರೂ ಉಣ್ಲಿ ಅಂತ ಬಿಟ್ಟಿದೀವಿ, ಆದ್ರೂ ಊಟ ಆದ್ಮೇಲೆ ನೋಡಿದ್ರೆ 260. ಏನ್ ಮಾಡೋದು? (ಸೊಸೆ, ಮಂಡ್ಯ)

ಉತ್ತರ: ನೋಡಮ್ಮ, ಮೊದಲು ಆ ಕಲ್ಲುಸಕ್ಕರೆ ವಿಷಯ. ಅದನ್ನ ಕದ್ದು ತಿನ್ನೋಕೇ ಇಟ್ಕೊಂಡಿದಾರೆ ಅಂತ ನೀವೆಲ್ಲ ತೀರ್ಮಾನ ಮಾಡಿದೀರಿ, ಆದ್ರೆ ಅವರನ್ನ ಯಾರಾದ್ರೂ ಸಮಾಧಾನವಾಗಿ ಕೇಳಿದೀರಾ? ಬಹಳ ವರ್ಷದಿಂದ ಮಾತ್ರೆ ತಗೊಳ್ಳೋ ಹಿರಿಯರು ಜೇಬಲ್ಲಿ ಸಕ್ಕರೆ, ಚಾಕಲೇಟ್ ಇಟ್ಕೊಳ್ಳೋದಕ್ಕೆ ಇನ್ನೊಂದು ಕಾರಣ ಇರುತ್ತೆ. ಒಂದು ಸಲ ದಾರಿಯಲ್ಲಿ ಶುಗರ್ ಲೋ ಆಗಿ ಕೈಕಾಲು ನಡುಗಿ, ಬೆವತು, ಕಣ್ಣು ಕತ್ತಲೆ ಬಂದಿರುತ್ತೆ, ಯಾರೋ ಸಕ್ಕರೆ ಬಾಯಿಗೆ ಹಾಕಿರ್ತಾರೆ, ಅವತ್ತಿಂದ ಭಯಕ್ಕೆ ಇಟ್ಕೊಂಡಿರ್ತಾರೆ. ಮನೇಲಿ ಹೇಳಿದ್ರೆ ಒಬ್ಬರೇ ಹೊರಗೆ ಹೋಗೋಕೆ ಬಿಡಲ್ಲ ಅಂತ ಬಾಯಿ ಬಿಡಲ್ಲ. ನಿಮ್ಮ ಮಾವನವರ ಮಾತ್ರೆ ಚೀಟಿ ತೆಗೆದು ನೋಡಿ, ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಅಂತ ಇದ್ರೆ ಈ ಲೋ ಆಗೋ ಸಾಧ್ಯತೆ ನಿಜವಾಗ್ಲೂ ಇದೆ. ಬರೀ ಮೆಟ್‌ಫಾರ್ಮಿನ್ ಆದ್ರೆ ಹಾಗಾಗೋದು ತೀರಾ ಅಪರೂಪ. ಗ್ಲಿಬೆನ್‌ಕ್ಲಮೈಡ್ ಅಂತೂ ವಯಸ್ಸಾದವರಿಗೆ ಬೇಡ ಅಂತಲೇ ಈಗ ಹೇಳೋದು, ಅದಿದ್ರೆ ಡಾಕ್ಟ್ರ ಹತ್ರ ಬೇಗ ಮಾತಾಡಿ, ಆದ್ರೆ ನೀವೇ ನಿಲ್ಲಿಸಬೇಡಿ.

ಈಗ ತಟ್ಟೆ ಬಿಟ್ಟು ಎದ್ದುಹೋದ ವಿಷಯ. ಮಾತ್ರೆ ಹೊಟ್ಟೆಯೊಳಗೆ ಹೋಗಿದೆ, ಊಟ ಹೋಗಿಲ್ಲ. ಮಾತ್ರೆ ತನ್ನ ಕೆಲಸ ನಿಲ್ಲಿಸಲ್ಲ, ಶುಗರ್ ಇಳೀತಾ ಹೋಗುತ್ತೆ. ಅಂದ್ರೆ ಒಳ್ಳೇದಕ್ಕೆ ಅಂತ ಗದರಿದ ಆ ಒಂದು ಮಾತು 260ಕ್ಕಿಂತ ದೊಡ್ಡ ಅಪಾಯ ತರಬಹುದು. ವಯಸ್ಸಾದವರಲ್ಲಿ ಲೋ ಆದ್ರೆ ನಡುಕ, ಬೆವರು ಯಾವಾಗ್ಲೂ ಕಾಣಿಸಲ್ಲ, ಸುಮ್ಮಸುಮ್ಮನೆ ರೇಗೋದು, ಮಾತು ತಡವರಿಸೋದು, ಮಂಕಾಗಿ ಕೂರೋದು, ಬೀಳೋದು ಇಷ್ಟೇ ಆಗಬಹುದು, ಮನೆಯವರು ಅದನ್ನ ಹಠ ಅಂದ್ಕೋತಾರೆ. ಹಾಗೆ ಕಂಡ ತಕ್ಷಣ ಜಗಳ ಬಿಟ್ಟು ಬೆರಳು ಚುಚ್ಚಿ ನೋಡಿ, 70ಕ್ಕಿಂತ ಕಮ್ಮಿ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದ್ರೆ ಇನ್ನೊಂದು ಸಲ ಕೊಡಿ, ಸರಿಹೋದ ಮೇಲೆ ಏನಾದ್ರೂ ಊಟ ಕೊಡಿ. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆ.

ಮುದ್ದೆ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಮಂಡ್ಯ, ಹಾಸನ, ತುಮಕೂರು ಕಡೆ ಮನೆಮನೆಯಲ್ಲೂ ಇದೇ ನಂಬಿಕೆ. ರಾಗಿ ಒಳ್ಳೇದು, ನಾರಿದೆ, ಕ್ಯಾಲ್ಸಿಯಂ ಇದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ 100 ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟೇ ಇರುತ್ತೆ, ನುಣ್ಣಗೆ ಬೀಸಿದ ಹಿಟ್ಟಲ್ಲಿ ಮಾಡಿದ ದೊಡ್ಡ ಮುದ್ದೆ ಎರಡು ಉಂಡ್ರೆ ಶುಗರ್ ಏರದೆ ಏನಾಗುತ್ತೆ? ಸಣ್ಣದೊಂದು ಮುದ್ದೆ, ಜೊತೆಗೆ ಸೊಪ್ಪು ಕಾಳು ಸೇರಿಸಿ ಮಾಡಿದ ಸಾರು ಜಾಸ್ತಿ, ಮೊಳಕೆ ಕಾಳು, ಮೊಟ್ಟೆನೋ ಮಜ್ಜಿಗೆನೋ, ಇದು ಸರಿಯಾದ ಊಟ. ಮತ್ತೆ ಇದು ಅವರೊಬ್ಬರಿಗೇ ಅಲ್ಲ, ಎಲ್ಲರ ತಟ್ಟೆಗೂ ಅದೇ ಬೀಳಲಿ. ಉಳಿದವರು ಪಾಯಸ ಚಪ್ಪರಿಸ್ತಾ ಅವರೊಬ್ಬರ ಮುಂದೆ ಸಪ್ಪೆ ಪಲ್ಯ ಇಟ್ರೆ ಯಾರಿಗೆ ಬೇಕರಿ ನೆನಪಾಗಲ್ಲ ಹೇಳಿ.

ಹಬ್ಬದ ದಿನ ಒಬ್ಬಟ್ಟು ಬೇಡವೇ ಬೇಡ ಅನ್ನಬೇಡಿ. ಅರ್ಧ ಒಬ್ಬಟ್ಟು ಎಲ್ಲರ ಎದುರಿಗೆ, ಮರ್ಯಾದೆಯಿಂದ ಎಲೆಗೆ ಬಡಿಸಿ, ಅವತ್ತು ಅನ್ನ ಕಮ್ಮಿ ಮಾಡಿ, ಊಟ ಆದ್ಮೇಲೆ ಯಜಮಾನ್ರೇ ಅವರ ಜೊತೆ ಒಂದು ಸುತ್ತು ನಡೆದು ಬರಲಿ. ಎದುರಿಗೆ ಸಿಗೋದನ್ನ ಯಾರೂ ಕದಿಯಲ್ಲ. ಇನ್ನೊಂದು, ಅವರ ಗುರಿ ಎಷ್ಟು ಅಂತ ಡಾಕ್ಟ್ರನ್ನ ಕೇಳಿ. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಗಟ್ಟಿಮುಟ್ಟಾಗಿರೋ ಹಿರಿಯರಲ್ಲಿ 7, 7.5ರ ಆಸುಪಾಸು ಇದ್ರೆ ಸರಿ, ಬೇರೆ ಕಾಯಿಲೆಗಳೂ ಇದ್ದು ಸೊರಗಿದವರಲ್ಲಿ 8ರವರೆಗೂ ಒಪ್ಪಬಹುದು. ಮೂವತ್ತು ವರ್ಷದ ಹುಡುಗನ ನಂಬರನ್ನ ಎಪ್ಪತ್ತು ದಾಟಿದವರ ಮೇಲೆ ಹೇರಿ ದಿನಾ ಜಗಳ ಆಡೋದ್ರಲ್ಲಿ ಅರ್ಥ ಇಲ್ಲ.

ಮಾತು ಶುರು ಮಾಡೋದು ಹೇಗೆ ಅಂದ್ರೆ, ಊಟದ ಹೊತ್ತಲ್ಲಿ ಬೇಡ. ಸಂಜೆ ಜಗುಲಿ ಮೇಲೆ ಕೂತಾಗ "ಮಾವ, ಆ ಕಲ್ಲುಸಕ್ಕರೆ ತಲೆ ಸುತ್ತು ಬರುತ್ತೆ ಅಂತ ಇಟ್ಕೊಂಡಿದ್ರಾ?" ಅಂತ ಕೇಳಿ ನೋಡಿ. ಅವರು ಏನು ಹೇಳಿದ್ರೂ ಆಮೇಲೆ ಗದರೋಕೆ ಅದನ್ನ ಬಳಸಬೇಡಿ. ಮತ್ತೆ ಆ ಕಲ್ಲುಸಕ್ಕರೆ ಜೇಬಿಗೆ ವಾಪಸ್ ಇಡಿ.

ಪ್ರಶ್ನೆ: ನಮ್ಮ ಅವ್ವಗ 68 ವರ್ಷ. ಅಪ್ಪ ತೀರಿಕೊಂಡು ವರ್ಷದ ಮ್ಯಾಲಾತು. ಅವಾಗಿಂದ ಅರ್ಧಾ ರೊಟ್ಟಿ ತಿಂದು ಸಾಕು ಅಂತಾಳ, ನಿದ್ದಿ ಮಾಡೂದಿಲ್ಲ, ಶುಗರ್ ಗುಳಿಗಿ ಒಮ್ಮೆ ತಗೋತಾಳ ಒಮ್ಮೆ ಬಿಡ್ತಾಳ. ಭಜನಿಗೆ ತಪ್ಪದ ಹೋಗ್ತಿದ್ದಾಕಿ ಈಗ ಹೊರಗ ಹೆಜ್ಜಿ ಇಡವಲ್ಲಳು. ಕೇಳಿದ್ರ "ನನಗ ಸಾಕಾಗೇತಿ, ಗುಳಿಗಿ ನುಂಗಿ ಯಾರಿಗೇನು ಆಗಬೇಕಾಗೇತಿ" ಅಂತಾಳ. ವಯಸ್ಸಾದ ಮ್ಯಾಲ ಹಿಂಗ ಇರತೈತಿ ಬಿಡು ಅಂತಾರ ಎಲ್ಲಾರೂ. ಹೌದೇನ್ರಿ? (ಮಗಳು, ಹುಬ್ಬಳ್ಳಿ)

ಉತ್ತರ: ಇಲ್ಲ ತಾಯಿ, ವಯಸ್ಸಾಯ್ತು ಅಂತ ಹೀಗಾಗಲ್ಲ. ಹಾಗಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಒಪ್ಪಬೇಡಿ. ಸಕ್ಕರೆ ಕಾಯಿಲೆ ಇರೋರಲ್ಲಿ ಖಿನ್ನತೆ ಬರೋದು ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ ಅನ್ನೋದು ಬಹಳ ಹಿಂದೆಯೇ ಗೊತ್ತಾಗಿರೋ ಮಾತು, ಅದರ ಮೇಲೆ ಜೊತೆಗಾರರು ಹೋದ ದುಃಖ. ವಯಸ್ಸಾದವರು ನನಗೆ ಬೇಜಾರಾಗಿದೆ ಅಂತ ಹೇಳೋದು ಕಮ್ಮಿ, ಹೊಟ್ಟೆ ಹಸಿವಿಲ್ಲ, ಮೈ ಕೈ ನೋವು, ಯಾವುದೂ ಬೇಡ, ಹೀಗೇ ಹೇಳೋದು. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿದ್ರೆ, ಮುಂಚೆ ಇಷ್ಟ ಇದ್ದ ಕೆಲಸದಲ್ಲಿ ಆಸಕ್ತಿನೇ ಹೋಗಿದ್ರೆ ಅದು ತೋರಿಸಬೇಕಾದ ಕಾಯಿಲೆ.

"ಸಾಕಾಗೇತಿ" ಅನ್ನೋದಕ್ಕೆ ಎರಡು ಅರ್ಥ ಇರಬಹುದು. ದಿನಾ ಗುಳಿಗಿ, ದಿನಾ ಪಥ್ಯ, ದಿನಾ ಸೂಜಿ ಚುಚ್ಚೋದು ಇವುಗಳಿಂದಲೇ ಬರೋ ದಣಿವು ಒಂದು, ಅದಕ್ಕೆ ಮನೆಯವರು ಕೆಲಸ ಹಂಚಿಕೊಂಡ್ರೆ ಬಹಳ ಮಟ್ಟಿಗೆ ಕಮ್ಮಿ ಆಗುತ್ತೆ. ಬದುಕೇ ಸಾಕಾಗಿದೆ ಅನ್ನೋದು ಇನ್ನೊಂದು. ಯಾವುದು ಅಂತ ತಿಳಿಯೋಕೆ ಇರೋದು ಒಂದೇ ದಾರಿ, ಪಕ್ಕದಲ್ಲಿ ಕೂತು ನೇರವಾಗಿ ಕೇಳೋದು: "ಅವ್ವ, ಸಾಯಬೇಕು ಅನ್ನಸ್ತೈತೇನು?" ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗುತ್ತೆ ಅಂತ ಜನ ಹೆದರ್ತಾರೆ, ಅದು ನಿಜ ಅಲ್ಲ, ಕೇಳಿದವರ ಎದುರು ಎಷ್ಟೋ ಜನ ಹಗುರಾಗ್ತಾರೆ. ಹೌದು ಅಂದ್ರೆ ಅವರನ್ನ ಒಬ್ಬರೇ ಬಿಡಬೇಡಿ, ಮನೇಲಿರೋ ಗುಳಿಗಿ, ಇನ್ಸುಲಿನ್ ನಿಮ್ಮ ಕೈಯಲ್ಲಿ ಇಟ್ಕೊಳ್ಳಿ, ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ನೀವೇ ಫೋನ್ ಮಾಡಿ ಅವ್ವನ ಬಗ್ಗೆ ಕೇಳಬಹುದು. ನಿಮಗೆ ಧಾರವಾಡದ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಹತ್ರನೇ ಇದೆ. ಹುಚ್ಚಾಸ್ಪತ್ರೆ ಅನ್ನೋ ಹಳೇ ಹೆಸರಿಗೆ ಹೆದರಿ ಹೋಗದೆ ಇರಬೇಡಿ, ನಿದ್ದೆ ಬರದವರು, ದುಃಖ ಇಳಿಯದವರು, ಮರೆವಿನವರು ಎಲ್ಲರೂ ಅಲ್ಲಿಗೆ ಹೋಗ್ತಾರೆ. ಮನಸ್ಸಿನ ಮಾತ್ರೆ ಕೊಟ್ರೆ ಅದು ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ನಾಲ್ಕು ದಿನ ತಗೊಂಡು ಏನೂ ಆಗ್ಲಿಲ್ಲ ಅಂತ ಬಿಡಬಾರದು.

ಹೋದಾಗ ಮೂರು ವಿಷಯ ಮರೀದೆ ಹೇಳಿ. ಅರ್ಧ ರೊಟ್ಟಿ ತಿಂದು ಪೂರ್ತಿ ಗುಳಿಗಿ ತಗೊಂಡ ದಿನ ಶುಗರ್ ಲೋ ಆಗಬಹುದು, ಡೋಸ್ ಬದಲಿಸಬೇಕಾಗುತ್ತೆ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ವಿಟಮಿನ್ ಬಿ12 ಕಮ್ಮಿ ಆಗಬಹುದು, ಅದರಿಂದ್ಲೂ ಸುಸ್ತು, ಮಂಕು, ಪಾದ ಜೋಮು ಬರಬಹುದು, ಆ ಟೆಸ್ಟ್ ಮಾಡಿಸಿ. ಥೈರಾಯ್ಡ್ ಕೂಡ.

ಭಜನೆ ಯಾಕೆ ಬಿಟ್ರು ಅಂತ ಕೇಳಿದೀರಾ? ಇದನ್ನ ಮಗಳಾಗಿ ನೀವೇ ಕೇಳಬೇಕು. ಶುಗರ್ ಜಾಸ್ತಿ ಇದ್ದಾಗ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತೆ, ಕೆಮ್ಮಿದಾಗ ಸೀನಿದಾಗ ಬಟ್ಟೆಗೆ ಹೋಗೋ ತೊಂದರೆಯೂ ಈ ವಯಸ್ಸಲ್ಲಿ ಸಾಮಾನ್ಯ, ನಾಲ್ಕು ಜನರ ಮಧ್ಯೆ ಎರಡು ತಾಸು ಕೂರೋಕೆ ನಾಚಿಕೆಯಾಗಿ ಎಷ್ಟೋ ಹೆಣ್ಮಕ್ಕಳು ಮದುವೆ, ಜಾತ್ರೆ, ಭಜನೆ ಎಲ್ಲಾ ಬಿಟ್ಟು ಮನೇಲಿ ಕೂತುಬಿಡ್ತಾರೆ, ಸಾಯೋವರೆಗೂ ಯಾರಿಗೂ ಹೇಳಲ್ಲ. ಅದಕ್ಕೆ ಔಷಧಿ ಇದೆ, ವ್ಯಾಯಾಮ ಇದೆ, ಪ್ಯಾಡ್ ಇದೆ. ಇಲ್ಲಾ, ಗಂಡ ಹೋದ ಮೇಲೆ ಅಲ್ಲಿ ಯಾರೋ ಅರಿಶಿನ ಕುಂಕುಮದ ಹೊತ್ತಲ್ಲಿ ಒಂದು ಮಾತು ಅಂದಿರಬಹುದು. ಹಾಗಿದ್ರೆ ಅವರ ಹಳೇ ಗೆಳತಿಯೊಬ್ಬರಿಗೆ ಹೇಳಿ, ಮನೆಗೇ ಬಂದು ಕರ್ಕೊಂಡು ಹೋಗೋ ಹಾಗೆ ಮಾಡಿ. ಮಕ್ಕಳು ಹತ್ತು ಸಲ ಹೇಳಿದ್ರೂ ಏಳದವರು ಗೆಳತಿ ಬಾಗಿಲಿಗೆ ಬಂದು ನಿಂತ್ರೆ ಚಪ್ಪಲಿ ಹಾಕ್ಕೋತಾರೆ.

ಪ್ರಶ್ನೆ: ನಾನು 76 ವರ್ಷದ ನಿವೃತ್ತ ಶಿಕ್ಷಕ. ಮಗ ಅಮೆರಿಕಾದಲ್ಲಿ ಇದಾನೆ. ಕಳೆದ ಸಲ ಬಂದಾಗ ನನ್ನ ತೋಳಿಗೆ ಶುಗರ್ ಸೆನ್ಸರ್ ಅಂಟಿಸಿ ಹೋದ, ನನ್ನ ಶುಗರ್ ಅವನ ಫೋನಲ್ಲಿ ಕಾಣುತ್ತಂತೆ. ತಿಂಡಿ ತಿಂದು 190 ಆದ ತಕ್ಷಣ ಫೋನು, "ಅಪ್ಪಾ ಏನ್ ತಿಂದ್ರಿ?" ಅಂತ. ಬೇರೆ ಮಾತೇ ಇಲ್ಲ. ಮೊಮ್ಮಗಳ ಜೊತೆ ಮಾತಾಡಿ ಎಷ್ಟು ದಿನ ಆಯ್ತೋ. ಈಗ ಫೋನ್ ರಿಂಗ್ ಆದ್ರೆ ಎದೆ ಹೊಡ್ಕೊಳ್ಳುತ್ತೆ. ಸೆನ್ಸರ್ ಕಿತ್ತು ಹಾಕ್ಲಾ? ಅವನಿಗೆ ನೋವಾಗುತ್ತೆ ಅಂತ ಸುಮ್ನಿದೀನಿ. (ಮೈಸೂರು)

ಉತ್ತರ: ಮೇಷ್ಟ್ರೇ, ಕೀಳೋಕೆ ಮುಂಚೆ ಇದನ್ನ ಓದಿ, ಆಮೇಲೆ ನಿಮ್ಮ ಮಗನಿಗೂ ಓದಿಸಿ, ಯಾಕಂದ್ರೆ ಅರ್ಧ ಉತ್ತರ ಅವರಿಗೇ.

ಊಟ ಆದ್ಮೇಲೆ ಶುಗರ್ ಏರೋದು ಸಹಜ. ನಿಮ್ಮ ವಯಸ್ಸಿನವರಿಗೆ ಸೆನ್ಸರ್ ಹಾಕಿದಾಗ ಡಾಕ್ಟ್ರುಗಳು ಇಟ್ಕೊಂಡಿರೋ ಗುರಿ ಏನು ಗೊತ್ತಾ, ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು 70ರಿಂದ 180ರ ಒಳಗೆ ಇದ್ರೆ ಸಾಕು, ಆದ್ರೆ 70ಕ್ಕಿಂತ ಕೆಳಗೆ ನೂರರಲ್ಲಿ ಒಂದು ಪಾಲು ಹೊತ್ತೂ ಇರಬಾರದು. ಅಂದ್ರೆ ಚಿಂತೆ ಮಾಡಬೇಕಾದ್ದು ತಿಂಡಿ ಆದ್ಮೇಲಿನ 190ರ ಬಗ್ಗೆ ಅಲ್ಲ, ರಾತ್ರಿ ಮಲಗಿದ್ದಾಗ ಸದ್ದಿಲ್ಲದೆ ಇಳಿಯೋ 60ರ ಬಗ್ಗೆ. ಆ ಕೆಲಸಕ್ಕೆ ಸೆನ್ಸರ್ ತುಂಬಾ ಒಳ್ಳೇದು. ಆದ್ರೆ ಅದು ನೋಡೋದು ರಕ್ತ ಅಲ್ಲ, ಚರ್ಮದ ಕೆಳಗಿನ ನೀರಿನ ಅಂಶ, ಹಾಗಾಗಿ ಕೆಲವು ನಿಮಿಷ ಹಿಂದೆ ಇರುತ್ತೆ, ಮತ್ತೆ ಆ ತೋಳಿನ ಮೇಲೇ ಒರಗಿ ಮಲಗಿದ್ರೆ ಇಲ್ಲದ ಲೋ ತೋರಿಸುತ್ತೆ. ಅನುಮಾನ ಬಂದ್ರೆ ಬೆರಳು ಚುಚ್ಚಿ ಖಚಿತ ಮಾಡ್ಕೋಬೇಕು.

ನಿಮ್ಮ ಮಗ ಫೋನ್ ಮಾಡೋದು ಭಯಕ್ಕೆ. ಸಾವಿರಾರು ಮೈಲಿ ದೂರದಲ್ಲಿ ಕೂತವರಿಗೆ ಅಪ್ಪನ ಬಗ್ಗೆ ಕೈಗೆ ಸಿಗೋದು ಅದೊಂದು ನಂಬರ್ ಮಾತ್ರ, ಅದನ್ನೇ ಹಿಡ್ಕೊಂಡು ಬಿಡ್ತಾರೆ. ಅದು ನಿಮಗೆ ಅರ್ಥ ಆಗುತ್ತೆ ಅಂತಾನೇ ಸುಮ್ನಿದೀರಿ, ಆದ್ರೆ ಸುಮ್ನಿದ್ರೆ ನಿಮ್ಮಿಬ್ಬರ ಮಧ್ಯೆ ಇದ್ದ ಬೇರೆ ಮಾತುಗಳೆಲ್ಲ ಒಣಗಿ ಹೋಗುತ್ತೆ. ಹೀಗೆ ಹೇಳಿ: "ನೋಡಪ್ಪಾ, ಲೋ ಅಲಾರಂ ಮಾತ್ರ ನಿನಗೆ ಬರೋ ಹಾಗೆ ಇಟ್ಕೋ, ಅದು ಬಂದ್ರೆ ರಾತ್ರಿ ಎಷ್ಟೊತ್ತಾದ್ರೂ ಫೋನ್ ಮಾಡು. ಉಳಿದ ನಂಬರ್ ಬಗ್ಗೆ ಭಾನುವಾರ ಒಂದು ಸಲ ಇಬ್ಬರೂ ಕೂತು ನೋಡೋಣ. ಬಾಕಿ ದಿನ ಫೋನ್ ಮಾಡಿದಾಗ ಮೊದಲು ಪುಟ್ಟಿ ಕೈಗೆ ಕೊಡು." ಮೊಮ್ಮಗಳಿಗೆ ದಿನಕ್ಕೊಂದು ಕನ್ನಡ ಪದ್ಯನೋ ಒಗಟೋ ಹೇಳಿಕೊಡಿ, ಮೇಷ್ಟ್ರಿಗೆ ಪಾಠ ಇದ್ರೆ ಫೋನಿನ ರಿಂಗು ಬೇರೆ ಥರ ಕೇಳುತ್ತೆ. ಮತ್ತೆ ಇನ್ನೊಂದು ಕೆಲಸ ಮಗನಿಗೆ ಹೇಳಿ, ಪಕ್ಕದ ಮನೆಯವರ ನಂಬರ್ ಇಟ್ಕೊಳ್ಳಲಿ, ಅವರ ಹತ್ರ ನಿಮ್ಮ ಮನೆ ಕೀ ಒಂದು ಇರಲಿ. ಲೋ ಆದಾಗ ಐದು ನಿಮಿಷದಲ್ಲಿ ಬಾಗಿಲಿಗೆ ಬರೋರು ಅವರೇ.

ಇಷ್ಟಾದ ಮೇಲೂ ಸೆನ್ಸರ್ ಬೇಡ ಅನ್ನಿಸಿದ್ರೆ ಡಾಕ್ಟ್ರಿಗೆ ಹೇಳಿ ತೆಗೆಸಿ. ತೋಳು ನಿಮ್ಮದು, ತೀರ್ಮಾನನೂ ನಿಮ್ಮದೇ.

ಪ್ರಶ್ನೆ: ಅಮ್ಮನಿಗೆ 70. ಮಾತ್ರೆಯಲ್ಲಿ ಕಂಟ್ರೋಲ್ ಆಗ್ತಾ ಇಲ್ಲ, ಇನ್ಸುಲಿನ್ ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ಇನ್ಸುಲಿನ್ ಅಂದ್ರೆ ಕೊನೇ ಹಂತ, ನನಗೆ ಬೇಡ ಅಂತ ಕೂತಿದ್ದಾರೆ, ಹೇಳಿದ್ರೆ ಕೇಳುವುದೇ ಇಲ್ಲ ಮಾರಾಯ್ರೆ. (ಮಗ, ಪುತ್ತೂರು)

ಉತ್ತರ: ಕೊನೇ ಹಂತ ಅಲ್ಲ. ವರ್ಷ ಕಳೆದ ಹಾಗೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಾಗೋದು ಕಮ್ಮಿ ಆಗುತ್ತೆ, ಕಮ್ಮಿ ಆದದ್ದನ್ನ ಹೊರಗಿಂದ ಕೊಡೋದು ಅಷ್ಟೆ. 1922ರಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಕೊಟ್ಟಾಗಿಂದ ಇದು ಜೀವ ಉಳಿಸ್ತಾನೇ ಬಂದಿದೆ. ಅಮ್ಮ ಸರಿಯಾಗಿ ಪಥ್ಯ ಮಾಡಿಲ್ಲ ಅದಕ್ಕೇ ಹೀಗಾಯ್ತು ಅಂತ ಮಾತ್ರ ಯಾರೂ ಅನ್ನಬೇಡಿ.

ಇವರ ಬೇಡ ಅನ್ನೋದರ ಹಿಂದೆ ಸೂಜಿ ಭಯಕ್ಕಿಂತ ಬೇರೆ ಭಯ ಇರುತ್ತೆ: ಕಣ್ಣು ಸರಿಯಾಗಿ ಕಾಣಲ್ಲ, ಕೈ ನಡುಗುತ್ತೆ, ದಿನಾ ಮಗ ಸೊಸೆ ಕೈಯಲ್ಲಿ ಚುಚ್ಚಿಸಿಕೊಳ್ಳಬೇಕು, ಭಾರ ಆಗ್ತೀನಿ ಅಂತ. ಇನ್ಸುಲಿನ್ ಚುಚ್ಚಿಕೊಳ್ಳೋ ಪೆನ್ ತೋರಿಸಿ, ಅದರ ಸೂಜಿ ಎಷ್ಟು ಸಣ್ಣದು ಅಂತ ಅವರೇ ಮುಟ್ಟಿ ನೋಡಲಿ. ಮೊದಲ ವಾರ ನೀವು ಕೊಡಿ, ಆಮೇಲೆ ಆಗುತ್ತೆ ಅಂದ್ರೆ ಅವರೇ ತಗೊಳ್ಳಲಿ, ನೀವು ಪಕ್ಕದಲ್ಲಿರಿ. ಜಾಗ ದಿನಾ ಬದಲಿಸಬೇಕು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಲ್ಲಿ ಬೇಡವೇ ಬೇಡ. ತೆರೆದದ್ದು ಸಾಮಾನ್ಯವಾಗಿ 28 ದಿನ, ನಿಮ್ಮ ಕಡೆಯ ಸೆಖೆಗೆ ಒಲೆ ಹತ್ರ, ಕಿಟಕಿ ಬಿಸಿಲಲ್ಲಿ ಇಡಬೇಡಿ.

ಪ್ರಶ್ನೆ: ನಮ್ಮನೆಯವರಿಗೆ ಶುಗರ್‌ನಿಂದ ಕಣ್ಣು ಮಂಜಾಗಿದೆ, ಕಾಲಲ್ಲಿ ಗಾಯ ಆಗಿ ಒಂದು ಬೆರಳು ತೆಗೆದಿದಾರೆ. ಡ್ರೆಸ್ಸಿಂಗ್, ಮಾತ್ರೆ, ಅಡುಗೆ ಎಲ್ಲ ನಾನೇ. ಅವರು ಸಣ್ಣದಕ್ಕೂ ಕೂಗಾಡ್ತಾರೆ, ಆಮೇಲೆ ಅಳ್ತಾರೆ. ಮಕ್ಕಳಿಬ್ಬರೂ ಬೆಂಗಳೂರು, ಏನಾದ್ರೂ ಬೇಕಾದ್ರೆ ಹೇಳಮ್ಮಾ ಅಂತಾರೆ. ನನಗೂ 66, ನನಗೂ ಶುಗರ್ ಇದೆ. ಕೆಲವು ಸಲ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತು ಬರ್ತೀನಿ. ಹೀಗೆ ಬರೆಯೋದು ತಪ್ಪೋ ಏನೋ. (ತೀರ್ಥಹಳ್ಳಿ ಹತ್ರದ ಹಳ್ಳಿ)

ಉತ್ತರ: ತಪ್ಪಲ್ಲ ಅಮ್ಮ, ಬರೆದದ್ದು ತುಂಬಾ ಒಳ್ಳೇದಾಯ್ತು. ನಿಮ್ಮ ಪತ್ರದಲ್ಲಿ ಯಜಮಾನ್ರ ಶುಗರ್ ಎಷ್ಟು, ಗಾಯ ಎಷ್ಟು ಅಗಲ, ಯಾವ ಮಾತ್ರೆ ಯಾವ ಹೊತ್ತಿಗೆ ಅಂತೆಲ್ಲ ಎರಡು ಪುಟ ಇತ್ತು, ನಿಮ್ಮ ಶುಗರ್ ಬಗ್ಗೆ ಒಂದೇ ಒಂದು ಸಾಲು. ನಮ್ಮ ಮನೆಗಳಲ್ಲಿ ಹೆಂಗಸರ ಕಾಯಿಲೆ ಯಾವಾಗ್ಲೂ ಆ ಒಂದು ಸಾಲಲ್ಲೇ ಮುಗಿದುಹೋಗುತ್ತೆ, ಅದು ನನಗೆ ಬಹಳ ಸಂಕಟದ ವಿಷಯ.

ಯಜಮಾನ್ರ ಕೂಗಾಟ ಅಳು ಎರಡನ್ನೂ ಡಾಕ್ಟ್ರಿಗೆ ಹೇಳಿ, ಮೇಲೆ ಹುಬ್ಬಳ್ಳಿಯವರಿಗೆ ಬರೆದದ್ದೆಲ್ಲ ಇವರಿಗೂ ಅನ್ವಯ. ಕಣ್ಣು, ಬೆರಳು ಕಳ್ಕೊಂಡ ಗಂಡಸಿಗೆ ತನ್ನ ಕೈಯಲ್ಲಿ ಏನೂ ಇಲ್ಲ ಅನ್ನಿಸಿರುತ್ತೆ. ಅವರಿಂದ ಆಗೋ ಕೆಲಸ ಒಂದಾದ್ರೂ ಕೊಡಿ, ಅಡಿಕೆ ಲೆಕ್ಕ ಬಾಯಲ್ಲಿ ಹೇಳಿ ಬರೆಸೋದು, ಆಳುಗಳ ಹತ್ರ ಫೋನಲ್ಲಿ ಮಾತಾಡೋದು, ಅವರೆಕಾಳು ಸುಲಿಯೋದು, ಯಾವುದಾದ್ರೂ. ಕೂಗಾಡಿದಾಗ ಮಾತ್ರ ನೀವು ಸಹಿಸಿಕೊಂಡೇ ನಿಲ್ಲಬೇಕು ಅಂತಿಲ್ಲ, ಆಮೇಲೆ ಬರ್ತೀನಿ ಅಂತ ಹೇಳಿ ಎದ್ದು ಹೊರಗೆ ಹೋಗಿ. ಅದಕ್ಕೆ ಮುಂಚೆ ಶುಗರ್ ಒಂದು ನೋಡಿ, ಆ ರೇಗಾಟ ಲೋ ಇಂದಲೂ ಬಂದಿರಬಹುದು.

ಮಕ್ಕಳಿಗೆ "ಏನಾದ್ರೂ ಬೇಕಾದ್ರೆ" ಅಂತ ಹೇಳೋಕೆ ಬಿಡಬೇಡಿ, ಇಂಥದ್ದೇ ಬೇಕು ಅಂತ ನೀವು ಹೇಳಿ. ದೊಡ್ಡವನು ತಿಂಗಳ ಮಾತ್ರೆ ತರಿಸಿ ಕಳಿಸಲಿ, ಜನೌಷಧಿ ಅಂಗಡಿಯಲ್ಲಿ ಇದೇ ಮಾತ್ರೆಗಳು ಬಹಳ ಅಗ್ಗಕ್ಕೆ ಸಿಗುತ್ತೆ. ಚಿಕ್ಕವನು ತಿಂಗಳಲ್ಲಿ ಒಂದು ಶನಿವಾರ ಭಾನುವಾರ ಬಂದು ಡ್ರೆಸ್ಸಿಂಗ್ ಕಲ್ತು ತಾನೇ ಮಾಡಲಿ, ಆ ಎರಡು ದಿನ ನೀವು ತಂಗಿ ಮನೆಗೋ ತವರಿಗೋ ಹೋಗಿ ಮಲಗಿ ಎದ್ದು ಬನ್ನಿ. ಅವರು ಹೂಂ ಅಂದು ಬರದಿದ್ರೆ, ಅಥವಾ ಯಾರ ಹತ್ರನಾದ್ರೂ ಸುಮ್ನೆ ಹೇಳ್ಕೋಬೇಕು ಅನ್ನಿಸಿದ್ರೆ, ಹಿರಿಯರಿಗೆ ಅಂತಲೇ ಇರೋ ಎಲ್ಡರ್‌ಲೈನ್ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರ ಒಳಗೆ ಫೋನ್ ಮಾಡಿ.

ಮುಂದಿನ ಸಲ ಅವರನ್ನ ಡ್ರೆಸ್ಸಿಂಗ್‌ಗೆ ಕರ್ಕೊಂಡು ಹೋಗ್ತೀರಲ್ಲ, ಅವತ್ತು ನಿಮ್ಮ ಹೆಸರಲ್ಲೂ ಒಂದು ಚೀಟಿ ಮಾಡಿಸಿ. ಎಚ್‌ಬಿಎ1ಸಿ, ಬಿಪಿ, ಮೂತ್ರದಲ್ಲಿ ಪ್ರೋಟೀನ್, ಕಣ್ಣಿನ ಪರೀಕ್ಷೆ, ಪಾದ ಇಷ್ಟೂ ನೋಡಿಸಿ, ಮತ್ತೆ ಬಚ್ಚಲಲ್ಲಿ ಅಳೋ ವಿಷಯನೂ ಡಾಕ್ಟ್ರಿಗೆ ಹೇಳಿ. ರಿಪೋರ್ಟ್ ಬಂದ ಮೇಲೆ ನನಗೆ ಬರೀರಿ, ಈ ಸಲ ನಿಮ್ಮ ಬಗ್ಗೆ ಎರಡು ಪುಟ ಬರೀರಿ.